ಮಗಳಿಗೆ ಸಹಿ, ತಾಯಿಗೆ ಗೀಟು

ಆಗ ನನಗೆ ಅರವತ್ತೊಂದು. ಏಳು ವರ್ಷವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಮಾನ್ವಿ ಕಡೆಯ ನಮ್ಮೂರಿನಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ನಾನೇ ಮುಂದಾಳು. ಗುಂಪಿನಲ್ಲಿ ಒಬ್ಬ ಬಂಗಾಳಿ ಹೆಂಗಸಿದ್ದಳು. ಎರಡು ವರ್ಷದ ಮಗಳನ್ನು ಬಗಲಲ್ಲಿ ಎತ್ತಿಕೊಂಡು ದೇಶದ ಗಡಿ ದಾಟಿ ಬಂದವಳು. ಮಗಳು ನಮ್ಮೂರ ಶಾಲೆಯಲ್ಲಿ ಓದಿ ರಾಯಚೂರಿನಲ್ಲಿ ನರ್ಸಿಂಗ್ ಸೇರಲು ಹೋದಳು. ಅಲ್ಲಿ ಕಾಗದ ಕೇಳಿದರು. ಈ ದೇಶದವರು ಅನ್ನುವ ಕಾಗದ ತಾಯಿಗೂ ಇಲ್ಲ, ಮಗಳಿಗೂ ಇಲ್ಲ. ಇಬ್ಬರೂ ಅರ್ಜಿ ಹಾಕಲಿ, ಊರಿನವರು ಸಹಿ ಮಾಡಿದ ಪತ್ರ ಜೊತೆಗಿಡಲಿ ಎಂದು ವಕೀಲರು ಹೇಳಿದರು.

ಊರು ಕಟ್ಟೆಗೆ ಸೇರಿತು. ಮಗಳ ಹೆಸರಿಗೆ ಒಬ್ಬರೂ ಬೇಡ ಅನ್ನಲಿಲ್ಲ. ಎಲ್ಲರ ಮನೆಯ ಪಿಂಚಣಿ ಅರ್ಜಿ ಬರೆದುಕೊಟ್ಟವಳು ಅವಳೇ. ತಾಯಿಯ ಹೆಸರು ಓದಿದ್ದೇ ತಡ, ಎಲ್ಲರೂ ನೆಲ ನೋಡಿದರು.

ದೊಡ್ಡ ಗದ್ದೆಯ ಗೌಡರು ಬಾಯಿ ತೆರೆದರು: "ಹುಡುಗಿದೇನು ತಪ್ಪಿಲ್ಲ, ಕೂಸಿದ್ದಾಗ ಬಂದದ. ಅವ್ವ ತಿಳಿದು ತಿಳಿದು ಬಂದಾಕಿ. ಆಕಿ ಹೆಸರು ಹೊಡದು ಹಾಕ್ರಿ."

ಇವತ್ತು ಈಕೆಗೆ ಕೊಟ್ಟರೆ ನಾಳೆ ಬಂಗಾಳಿ ನಿರಾಶ್ರಿತರ ಕ್ಯಾಂಪಿನವರೆಲ್ಲ ಸಾಲು ಹಚ್ಚುತ್ತಾರೆ ಎಂದರು ಇನ್ನೊಬ್ಬರು. ತಾಯಿಯನ್ನು ಸೇರಿಸಿದರೆ ಮಗಳದ್ದೂ ಕೆಡುತ್ತದೆ ಎಂದು ಮೇಷ್ಟ್ರು.

ನಾನು ಎದ್ದು ನಿಂತೆ. "ಯಪ್ಪಾ, ಕೂಸು ತಾನೇ ನಡಕೊಂತ ಬಂತೇನು? ಹೊತ್ತು ತಂದಾಕಿ ಕಳ್ಳಿ, ಬಗಲಾಗ ಕುಂತಾಕಿ ಸಾಚಾ?"

ಮುದುಕಿ ವಕೀಲಕಿ ಮಾಡಾಕತ್ತಾಳ ಎಂದು ನಕ್ಕರು. ದೇವದುರ್ಗದಿಂದ ಸೊಸೆಯಾಗಿ ಬಂದ ನನ್ನನ್ನು ಇವರಲ್ಲಿ ಯಾರೂ ಕಾಗದ ಕೇಳಿರಲಿಲ್ಲ.

ಆಗ ಆ ತಾಯಿಯೇ ಅಂದಳು: "ನಂದು ಹೊಡೀರಿ. ಆಕಿಂದು ಇರಲಿ."

ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು. ಹೊಗಳುತ್ತಲೇ ಗೀಟು ಎಳೆದರು. ಹದಿನಾರು ವರ್ಷ ಇವರ ಗದ್ದೆಯ ಕೆಸರಲ್ಲಿ ಬಗ್ಗಿದವಳು. ಅವಳ ಕೈ ಬೇಕು, ಹೆಸರು ಬೇಡ. ಹುಡುಗಿಯ ಕೆಲಸ ಕೆಡಬಾರದೆಂದು ನಾನೂ ನನ್ನ ಸೊಟ್ಟ ಸಹಿ ಹಾಕಿದೆ. ಹಾಕಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಗೌಡರ ಗದ್ದೆಯಲ್ಲೇ ನಾಟಿ. ಸಸಿ ಕಿತ್ತು ಕಟ್ಟು ಕಟ್ಟಿ ಇಟ್ಟಿದ್ದರು; ಬೇಗ ನೆಡದಿದ್ದರೆ ಬಾಡುತ್ತವೆ. ಗುಂಪಿನಲ್ಲಿ ಒಬ್ಬಳನ್ನು ಬೇಡವೆಂದರೆ ಉಳಿದವರೂ ಕೆಸರಿಗೆ ಕಾಲಿಡುವುದಿಲ್ಲ, ಅದು ನಮ್ಮ ಪದ್ಧತಿ. ಎಲ್ಲರನ್ನೂ ಬದುವಿನ ಮೇಲೆ ಕೂರಿಸಿದೆ. ತಾಯಿಯ ಹೆಸರಿನಲ್ಲಿ ಬೇರೆ ಪತ್ರ ಬರೆಸಿ ತಂದಿದ್ದೆ. ಅದನ್ನು ಗೌಡರ ಕೈಗೆ ಕೊಟ್ಟು, ಪೆನ್ನನ್ನೂ ಕೊಟ್ಟೆ.