ಬ್ಯಾರನ್ ಒಳಗಿದ್ದಾಗ ಕೇಳಿದ ಅಪ್ಪನ ಕೂಗು

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ತಂಬಾಕು ಬೇಯಿಸುವ ಕಾಲದಲ್ಲಿ ನಡೆದದ್ದು ಇದು. ಈಗ ನನಗೆ ಇಪ್ಪತ್ತಾರು. ಆದರೂ ಒಬ್ಬಳೇ ಇದ್ದಾಗ ಬಾಗಿಲಿನ ಚಿಲಕ ಹಾಕಿಕೊಳ್ಳಲು ಇವತ್ತಿಗೂ ಧೈರ್ಯ ಬರುವುದಿಲ್ಲ.

ನನ್ನ ಅಪ್ಪ ಅಮ್ಮ ಆಂಧ್ರದ ಕಡೆಯವರು. ನಾನು ಹುಟ್ಟುವ ಮುಂಚೆಯೇ ಅರಕಲಗೂಡಿನ ಹತ್ತಿರದ ಹಳ್ಳಿಗೆ ಬಂದು, ಜಮೀನು ಗುತ್ತಿಗೆಗೆ ಹಿಡಿದು ತಂಬಾಕು ಬೆಳೆಯುತ್ತಿದ್ದರು. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. "ಇಲ್ಲಿ ನಮಗೆ ಅಣ್ಣತಮ್ಮಂದಿರಿಲ್ಲ, ಹೆಸರಿಲ್ಲ. ನೀನು ಡಾಕ್ಟರಾದರೆ ಮಾತ್ರ ಈ ಊರು ನಮ್ಮನ್ನು ತನ್ನವರು ಅನ್ನುತ್ತೆ" ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಊಟಕ್ಕೆ ಉಪ್ಪಿನಕಾಯಿ ಇದ್ದಷ್ಟೇ ಖಾಯಂ ಆ ಮಾತು.

ನಾನೋ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವವಳು. ಯಾರಾದರೂ ಪ್ರೀತಿಯಿಂದ ತಲೆ ಸವರಿದರೂ ಮೈ ಉರಿಯುತ್ತಿತ್ತು. ತುಂಬಾ ಗಾಬರಿಯಾದರೆ ದನಿಯೇ ನಿಂತುಹೋಗುತ್ತಿತ್ತು. ಇದಕ್ಕೆ ಆಟಿಸಂ ಎನ್ನುತ್ತಾರೆಂದು ಹಾಸನದ ಡಾಕ್ಟರೊಬ್ಬರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು ಹಠ. ದುರದೃಷ್ಟಕ್ಕೆ ಲೆಕ್ಕ ಮಾತ್ರ ನನಗೆ ಸರಾಗವಾಗಿ ಬರುತ್ತಿತ್ತು. ಅದಕ್ಕೇ ಅಪ್ಪನ ಆಸೆ ಇನ್ನೂ ಬಲವಾಯಿತು.

ಆ ದಿನ ಬೆಳಿಗ್ಗೆ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಅಪ್ಪ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಪ್ರಶ್ನೆಪತ್ರಿಕೆ ನೋಡಿದೆ, ಎಲ್ಲ ಗೊತ್ತಿದ್ದದ್ದೇ. ಅಷ್ಟರಲ್ಲಿ ನನ್ನ ತಲೆಯ ಮೇಲೆಯೇ ಇದ್ದ ಎಲೆಕ್ಟ್ರಿಕ್ ಬೆಲ್ ಹೊಡೆಯಿತು. ಆಮೇಲೆ ನನಗೆ ನೆನಪಿರುವುದು ಬೆಂಚಿನ ಕೆಳಗಿನ ಸಿಮೆಂಟು ನೆಲ ಮಾತ್ರ. ಒಂದಕ್ಷರವನ್ನೂ ಬರೆಯದ ನನ್ನನ್ನು ಯಾರೋ ಎತ್ತಿ ತಂದು ಅಪ್ಪನಿಗೆ ಒಪ್ಪಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಹಾಲ್ ಟಿಕೆಟನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದರೆ ಬ್ಯಾರನ್‌ಗೆ ತಂಬಾಕು ಸೊಪ್ಪು ತುಂಬುವ ಗಲಾಟೆ. ಬ್ಯಾರನ್ ಎಂದರೆ ತಂಬಾಕು ಬೇಯಿಸುವ, ಕಿಟಕಿಯಿಲ್ಲದ ಎತ್ತರದ ಕೋಣೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನೇತುಹಾಕುತ್ತಾರೆ. ನೆಲದ ಮೇಲೆ ದಪ್ಪ ಕಬ್ಬಿಣದ ಕೊಳವೆಗಳು. ಹೊರಗಿನ ಒಲೆಗೆ ಬೆಂಕಿ ಹಾಕಿದರೆ ಆ ಕೊಳವೆ ಕಾಯ್ದು ಕೋಣೆಯೆಲ್ಲ ಬಿಸಿಯಾಗುತ್ತದೆ.

ಸೊಪ್ಪು ಕಟ್ಟುತ್ತಿದ್ದ ನಿಂಗಮ್ಮ ನನ್ನನ್ನು ನೋಡಿ, "ಏನವ್ವಾ ಡಾಕ್ಟ್ರಮ್ಮ, ಪರೀಕ್ಷೆ ಎಂಗ್ ಬರ್ದೆ?" ಎಂದಳು. ಮನೆಯೊಳಗೆ ಅಪ್ಪ ಅಮ್ಮನಿಗೆ ವಿಷಯ ಹೇಳುತ್ತಿದ್ದರು. ಅಮ್ಮ ಜೋರಾಗಿ ಅಳತೊಡಗಿದಳು. ನನಗೆ ತಡೆಯಲಾಗಲಿಲ್ಲ. ಕೆಲಸದವರು ಆ ಕಡೆ ತಿರುಗಿದ್ದಾಗ ಬ್ಯಾರನ್ ಒಳಗೆ ನುಸುಳಿ, ಕೊಳವೆಗೂ ಗೋಡೆಗೂ ನಡುವಿನ ಮೂಲೆಯಲ್ಲಿ ಮುದುರಿ ಕೂತೆ. ತಣ್ಣಗೆ, ಕತ್ತಲಾಗಿ, ಸದ್ದಿಲ್ಲದೆ ಇತ್ತು. ಬೆಳಗಿನಿಂದ ಮೊದಲ ಬಾರಿಗೆ ಸರಿಯಾಗಿ ಉಸಿರಾಡಿದೆ.

ಬಾಗಿಲು ಹಾಕುವ ಮುಂಚೆ ಅಪ್ಪ ಒಳಗೆ ಕತ್ತು ಹಾಕಿ, "ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?" ಎಂದು ಕೂಗಿದರು. ಕಡ್ಡಿ ಏರಿಸುವವರು ಮೇಲೆಯೇ ಉಳಿದಿರಬಾರದು ಎಂದು ಹಾಗೆ ಕೇಳುವುದು ರೂಢಿ. ನನಗೆ ಚೆನ್ನಾಗಿ ಕೇಳಿಸಿತು. ಆದರೆ ಅದು ಕೆಲಸದವರಿಗೆ ಕೇಳುವ ಪ್ರಶ್ನೆ, ನನ್ನ ಹೆಸರು ಹಿಡಿದು ಕರೆಯಲಿಲ್ಲವಲ್ಲ ಎಂದು ಸುಮ್ಮನಿದ್ದೆ. ನನ್ನ ತಲೆ ಓಡುತ್ತಿದ್ದದ್ದೇ ಹಾಗೆ. ಬಾಗಿಲು ಮುಚ್ಚಿತು. ಶಾಖ ಹೊರಗೆ ಹೋಗದಂತೆ ಸಂದಿಗಳಿಗೆ ಒದ್ದೆ ಗೋಣಿಚೀಲ ತುರುಕುವ ಸದ್ದಾಯಿತು. ಆಮೇಲೆ ಗಂಟೆ, ಕರ್ಪೂರದ ವಾಸನೆ, ಒಲೆಯ ಪೂಜೆಗೆ ಕಾಯಿ ಒಡೆದ ಸದ್ದು.

ಸ್ವಲ್ಪ ಹೊತ್ತಿಗೆ ಕೊಳವೆ ಟಕ್ ಎಂದಿತು. ಒಲೆ ಹೊತ್ತಿಸಿದ್ದಾರೆ ಎಂದು ಆಗ ಅರ್ಥವಾಯಿತು. ಕೂಗಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ಬಾಗಿಲು ಬಡಿಯಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಅಂಥ ಹೊತ್ತಿನಲ್ಲಿ ನನ್ನ ಕೈಗಳೂ ನನ್ನ ಮಾತು ಕೇಳುವುದಿಲ್ಲ. ಕೊಳವೆ ತಗುಲಿ ಮೀನಖಂಡ ಚುರ್ ಎಂದಾಗ ಹೇಗೋ ತೆವಳಿಕೊಂಡು ಎದುರು ಗೋಡೆಗೆ ಬಂದೆ. ಅಲ್ಲಿ ಸಣ್ಣ ಗಾಜಿನ ಕಿಂಡಿಯಿತ್ತು, ಅದರ ಒಳಬದಿಗೆ ಥರ್ಮಾಮೀಟರ್ ತೂಗುತ್ತಿತ್ತು. ಅಪ್ಪ ಆಗಾಗ ಹೊರಗಿನಿಂದ ಟಾರ್ಚ್ ಬಿಟ್ಟು ಶಾಖ ನೋಡುತ್ತಾರೆ. ಊಟ ಬಿಟ್ಟಾರು, ಅದನ್ನು ಬಿಟ್ಟವರಲ್ಲ. ಗಾಜಿಗೆ ಮುಖ ಒತ್ತಿ ನಿಂತೆ. ಅಪ್ಪ ಬರಲಿಲ್ಲ.

ಪೂಜೆಯ ಕಾಯಿಚೂರು ಕೊಡಲು ಹುಡುಕಿದ ಅಮ್ಮನಿಗೆ ನಾನು ಕಂಡಿರಲಿಲ್ಲ. ಹೊರಗೆ ಎಲ್ಲರೂ ನನ್ನ ಹೆಸರು ಕೂಗುತ್ತಾ ಓಡಾಡುತ್ತಿದ್ದರು. ಒಂದೊಂದು ಕೂಗೂ ನನಗೆ ಕೇಳುತ್ತಿತ್ತು. ಉಸಿರು ಕಟ್ಟುತ್ತಿತ್ತು, ಹಸಿ ಸೊಪ್ಪಿನ ಘಾಟಿಗೆ ತಲೆ ಸುತ್ತುತ್ತಿತ್ತು. ಆಗ ಬಾಗಿಲ ಕಡೆಯಿಂದ ನಿಂಗಮ್ಮನ ದನಿ ಕೇಳಿಸಿತು: "ಸಾ, ಒಲೆ ಉರೀತಾ ಐತೆ. ಶಾಖ ಏರ್ಬುಟ್ರೆ ಸೊಪ್ಪೆಲ್ಲ ಆಳಾಗೋಯ್ತದೆ. ಒಂದ್ಕಿತ ನೋಡ್ಬುಟ್ಟು ಓಗಿ ಸಾ."

"ಸುಟ್ಟು ಬೂದಿಯಾಗ್ಲಮ್ಮಾ ನಿನ್ನ ಸೊಪ್ಪು!" ಅಪ್ಪ ಕಿರುಚಿದರು. "ಯಾವ ಪರೀಕ್ಷೆನೂ ಬೇಡ, ಏನೂ ಬೇಡ. ನನಗೆ ನನ್ನ ಮಗಳು ಬೇಕು! ಕೆರೆ ಕಡೆ ನಡೀರಿ ಎಲ್ಲಾರೂ!"

ಆ ಮಾತನ್ನು ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆನೋ. ಅದು ಕೇಳಿದ ಗಳಿಗೆಯಲ್ಲೇ ಅಪ್ಪನ ಹೆಜ್ಜೆಗಳು ನನ್ನಿಂದ ದೂರ ಹೋದವು. ನಾನು ಸಾಯುತ್ತೇನೆ, ಅಪ್ಪ ಕೆರೆಯಲ್ಲಿ ಹುಡುಕುತ್ತಲೇ ಇರುತ್ತಾರೆ ಎಂದುಕೊಂಡೆ. ಅಷ್ಟು ಭಯ ನನಗೆ ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ತನ್ನ ಕೈಯಾರೆ ಕಟ್ಟಿದ ಸೊಪ್ಪು ಹಾಳಾಗುವುದನ್ನು ನೋಡಲಾಗದೆ ನಿಂಗಮ್ಮ ತಾನೇ ಕಿಂಡಿಯ ಹತ್ತಿರ ಬಂದಳು. ಟಾರ್ಚಿನ ಬೆಳಕು ನನ್ನ ಕಣ್ಣಿಗೇ ಬಿತ್ತು. "ಅಯ್ಯಯ್ಯಪ್ಪಾ! ಸಾ, ಬನ್ನಿ ಸಾ! ಮಗ ಇಲ್ಲೇ ಐತೆ ಕಣ್ ಸಾ, ಒಳಗೈತೆ!" ಎಂದು ಬಾಯಿ ಬಡಿದುಕೊಂಡಳು. ಗೋಣಿಚೀಲ ಕಿತ್ತೆಸೆದು ಅವಳೇ ಬಾಗಿಲು ತೆಗೆದಳು. ಓಡಿ ಬಂದ ಅಪ್ಪ ನನ್ನನ್ನು ಎತ್ತಿಕೊಂಡು ಅಂಗಳದಲ್ಲಿ ಕುಸಿದು ಕೂತರು. ಯಾರು ಮುಟ್ಟಿದರೂ ಕೊಸರುವ ನಾನು ಅವತ್ತು ಕೊಸರಲಿಲ್ಲ.

"ನಾನು ಕೂಗಿದ್ದು ಕೇಳಿಸಿತ್ತಾ?" ಎಂದು ಅಪ್ಪ ಕೇಳಿದರು. ಹೌದೆಂದು ತಲೆಯಾಡಿಸಿದೆ. "ಮತ್ತೆ ಯಾಕಮ್ಮಾ?" ಎಂದರು. ದನಿ ಇನ್ನೂ ಮರಳಿರಲಿಲ್ಲ, ಅವರ ಅಂಗಿಯ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಅವತ್ತಿನ ಮಾತಿಗೆ ಅಪ್ಪ ಆಮೇಲೂ ಬದ್ಧರಾಗಿಯೇ ಉಳಿದರು ಎಂದರೆ ಸುಳ್ಳಾಗುತ್ತದೆ. ಮಾರನೇ ವರ್ಷ ಮತ್ತೆ ಪರೀಕ್ಷೆಯ ಗೈಡ್ ತಂದರು. ನಾನು ಡಾಕ್ಟರಾಗಲಿಲ್ಲ, ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ನೆಂಟರ ಫೋನ್ ಬಂದರೆ ಅಪ್ಪ "ಡಾಕ್ಟರ ಜೊತೆಯಲ್ಲೇ ಕೆಲಸ" ಎಂದು ಈಗಲೂ ದನಿಯೇರಿಸಿ ಹೇಳುತ್ತಾರೆ. ನನಗೆ ನಗು ಬರುತ್ತದೆ, ಸ್ವಲ್ಪ ನೋವೂ ಆಗುತ್ತದೆ.

ಆದರೆ ಆ ಸಂಜೆಯಿಂದ ಅಪ್ಪ ನನ್ನನ್ನು ದೂರದಿಂದ ಕೂಗಿದ್ದೇ ಇಲ್ಲ. ಮಂಡಿನೋವಿದ್ದರೂ ನಾನಿರುವ ಕಡೆಗೆ ನಡೆದು ಬರುತ್ತಾರೆ. ನನಗೆ ಕಾಣುವ ಹಾಗೆ ನಿಂತು, ನಾನು ತಲೆಯೆತ್ತಿ ನೋಡುವವರೆಗೆ ಕಾಯುತ್ತಾರೆ.