ಭಯಪಡಬೇಡ ಎಂದು ಬರೆಯುತ್ತಿದ್ದವಳು

ಪರ್ತ್‌ಗೆ ಬಂದ ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಎದುರು ಮನೆಯ ಅಜ್ಜಿ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಕಸದ ಡಬ್ಬಿ ತಳ್ಳುತ್ತಿದ್ದರು. ಸೈಕಲ್ ಇರಲಿಲ್ಲ. ಹೆಲ್ಮೆಟ್ಟಿನ ಮೇಲೆಲ್ಲ ಪ್ಲಾಸ್ಟಿಕ್ ಕಡ್ಡಿಗಳು ಮುಳ್ಳಿನಂತೆ ಎದ್ದು ನಿಂತಿದ್ದವು. ಪಾಪ, ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಮ್ಯಾಗ್‌ಪೈ ಎಂಬ ಕಪ್ಪು ಬಿಳುಪಿನ ಹಕ್ಕಿ ಮರಿ ಮಾಡುವ ಕಾಲದಲ್ಲಿ ಹಿಂದಿನಿಂದ ಹಾರಿಬಂದು ತಲೆ ಕುಕ್ಕುತ್ತದಂತೆ. ಆ ಕಾಲ ಮುಗಿಯುವವರೆಗೆ ನಾನು ಛತ್ರಿಯಿಲ್ಲದೆ ಹೊರಗೆ ಕಾಲಿಡಲಿಲ್ಲ.

ನಾನು ಹುಟ್ಟಾ ಪುಕ್ಕಲಿ. ಇಲ್ಲಿಗೆ ಬಂದ ಮೇಲೆ ಅದು ಇನ್ನೂ ಚಿಗುರಿತು. ನಾವಿರುವುದು ಪಿಯಾರಾ ವಾಟರ್ಸ್ ಎಂಬ ಬಡಾವಣೆಯಲ್ಲಿ. ಹೊಸ ಹೊಸ ಮನೆಗಳು, ನಮ್ಮ ಕಡೆಯವರೂ ಬೇಕಾದಷ್ಟು. ಆದರೆ ಬಾಗಿಲು ಹಾಕಿದರೆ ಯಾರೂ ಇಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ನಾನು ಕೆಮ್ಮಿದರೆ ಪಕ್ಕದ ಮನೆಯವರು ಕಷಾಯದ ಲೋಟ ಹಿಡಿದು ಬರುತ್ತಿದ್ದರು; ಇಲ್ಲಿ ನಾನು ಸತ್ತರೆ, ಕಸದ ಡಬ್ಬಿ ಹೊರಗೆ ಬರಲಿಲ್ಲವಲ್ಲ ಎಂದೇ ಜನಕ್ಕೆ ತಿಳಿಯಬೇಕು. ನನ್ನ ಗಂಡ ಪ್ರಕಾಶ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ ಥಿಯೇಟರ್ ಒಳಗೆ ಹೋದರೆ ಫೋನು ಹೊರಗೇ. ನನಗೆ ಡ್ರೈವಿಂಗ್ ಲೈಸೆನ್ಸ್ ಇತ್ತು. ಮಗಳು ಜೋನಾಳ ಶಾಲೆ, ತರಕಾರಿ ಅಂಗಡಿ, ಮೂಲೆಯ ಸರ್ವೋ, ಅಂದರೆ ಪೆಟ್ರೋಲ್ ಬಂಕು. ಇಷ್ಟೇ ನನ್ನ ಆಸ್ಟ್ರೇಲಿಯಾ. ಹೆದ್ದಾರಿಗೆ ಒಮ್ಮೆಯೂ ಕಾರು ಇಳಿಸಿರಲಿಲ್ಲ.

ಇಂಥವಳು ದಿನಾ ಬೆಳಿಗ್ಗೆ ಜನರಿಗೆ ಧೈರ್ಯ ಬರೆದು ಕಳಿಸುತ್ತಿದ್ದೆ. ಮೈಸೂರಿನ ನಮ್ಮ ಚರ್ಚ್ ಸಭೆಯ ಸ್ತ್ರೀಯರ ಕೂಟಕ್ಕೆ ದಿನದ ಧ್ಯಾನ ಬರೆಯುವುದು ನನ್ನ ಸೇವೆ. ಕೆಲವರು ಹಾಡುತ್ತಾರೆ, ಕೆಲವರು ರೋಗಿಗಳನ್ನು ನೋಡಿ ಬರುತ್ತಾರೆ. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದ ನನಗೆ ದೇವರು ಕೊಟ್ಟದ್ದು ಬರಹ ಎಂದು ನಂಬಿದ್ದೆ. ಬೈಬಲ್ಲಿನ ಒಂದು ವಾಕ್ಯ, ಅದರ ಕೆಳಗೆ ಅರ್ಧ ಪುಟ, ಫೋನಿನ ಗುಂಪಿಗೆ. ಕೂಟದ ಹಿರಿಯರಾದ ಸುಗುಣ ಆಂಟಿ ಮೊದಲೇ ಹೇಳಿದ್ದರು, ಧ್ಯಾನ ಎಲ್ಲಿಂದಾದರೂ ಶುರುವಾಗಲಿ, ಜಯದಲ್ಲಿ ಮುಗಿಯಬೇಕು ಎಂದು. ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿಯೇ ಹಾಗೆ. ರೋಗ ವಾಸಿಯಾದ ಮೇಲೆ ಎದ್ದು ನಿಂತು ಹೇಳುತ್ತಾರೆ, ಜ್ವರದಲ್ಲಿ ನಡುಗುವಾಗ ಯಾರೂ ಹೇಳುವುದಿಲ್ಲ. ನಾನೂ ಜಯದಲ್ಲೇ ಮುಗಿಸುತ್ತಿದ್ದೆ. ಕೆಳಗೆ ಸಾಲಾಗಿ ಆಮೆನ್‌ಗಳು ಬಂದು ಬೀಳುವವರೆಗೆ ನನಗೆ ಕಾಫಿ ಸೇರುತ್ತಿರಲಿಲ್ಲ. ನನ್ನ ಪಾಲಿಗೆ ಊರು ಅಂದರೆ ಆ ಆಮೆನ್‌ಗಳೇ ಆಗಿದ್ದವು.

ಒಂದು ಬೆಳಿಗ್ಗೆ ಬರೆದೆ: ಹೆದರಿಕೆಯಾದಾಗ 'ಭಯಪಡಬೇಡ' ಎಂಬ ಮಾತನ್ನು ಬಾಯಿಬಿಟ್ಟು ಏಳು ಸಲ ಹೇಳಿ, ಭಯ ಬಾಗಿಲು ಹುಡುಕಿಕೊಂಡು ಓಡುತ್ತದೆ. ಚೆನ್ನಾಗಿ ಬಂತು ಎಂದು ನನಗೇ ಖುಷಿಯಾಯಿತು.

ಅವತ್ತೇ ಆರ್ವೋ ಹೊತ್ತಿಗೆ, ಇಲ್ಲಿಯವರು ಮಧ್ಯಾಹ್ನವನ್ನು ಮೊಟಕು ಮಾಡಿ ಹಾಗೆ ಕರೆಯುತ್ತಾರೆ, ಚೈತ್ರಾಳ ಫೋನು ಬಂತು. ಚೈತ್ರಾ ತುಮಕೂರಿನ ಹುಡುಗಿ, ತರಕಾರಿ ಅಂಗಡಿಯಲ್ಲಿ ಕನ್ನಡ ಕೇಳಿ ಪರಿಚಯ ಮಾಡಿಕೊಂಡವಳು. ಇಲ್ಲಿ ಓದುತ್ತ ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಅವಳು ಚರ್ಚಿನವಳಲ್ಲ. "ನಮ್ಮನೆ ದೇವರು ಮಂಜುನಾಥ ಆಂಟಿ, ಆದ್ರೆ ಕನ್ನಡ ಓದೋಕೆ ಸಿಗುತ್ತಲ್ಲ, ನಂಗೂ ಕಳ್ಸಿ" ಎಂದು ಕೇಳಿ ಪಡೆದಿದ್ದಳು.

"ಆಂಟಿ, ನನ್ನ ಪಕ್ಕದಲ್ಲೇ ಮೇಲಿಂದ ಒಂದು ಲೋಡ್ ಬಿದ್ಬಿಡ್ತು. ನಂಗೇನೂ ತಾಗಿಲ್ಲ. ಮನೆಗೆ ಹೋಗು ಅಂದ್ರು. ಬಸ್ ಸ್ಟಾಪಲ್ಲಿ ಕೂತಿದೀನಿ, ಎದ್ದೇಳಕ್ಕೇ ಆಗ್ತಿಲ್ಲ. ಲಾರಿ ಸೌಂಡ್ ಕೇಳಿದ್ರೆ ಉಸಿರು ಕಟ್ಟುತ್ತೆ."

"ಟ್ಯಾಕ್ಸಿ ಬುಕ್ ಮಾಡ್ತೀನಿ, ಹತ್ಕೊಂಡು ಬಂದ್ಬಿಡು."

"ಬೇಡ ಆಂಟಿ, ಗೊತ್ತಿಲ್ದೋರ ಜೊತೆ ಆಗಲ್ಲ." ಆಮೇಲೆ ಅವಳೇ ಕೇಳಿದಳು. "ನೀವು ಬರ್ದಿದ್ರಲ್ಲ, ಏಳು ಸಲ ಅಲ್ಲ, ಎಷ್ಟೋ ಸಲ ಹೇಳ್ದೆ. ಹೋಗ್ತಿಲ್ಲ. ನಾನು ನಿಮ್ಮೋಳಲ್ಲ ಅಂತ ನಂಗೆ ಕೆಲಸ ಮಾಡ್ತಿಲ್ವಾ?"

ಅಷ್ಟು ಜನ ಆಮೆನ್ ಹಾಕಿದ್ದರು; ಮಾಡಿ ನೋಡಿದವಳು ಇವಳೊಬ್ಬಳೇ. ಬರೆದ ನಾನೂ ನೋಡಿರಲಿಲ್ಲ. ಪ್ರಕಾಶ್ ಫೋನು ಎತ್ತಲಿಲ್ಲ. "ಅಲ್ಲೇ ಇರು, ಬರ್ತೀನಿ" ಎಂದುಬಿಟ್ಟೆ. ಕಾರು ತೆಗೆದರೆ, ಆಗಷ್ಟೇ ಶಾಲೆಯಿಂದ ಬಂದಿದ್ದ ಜೋನಾ ಹಿಂದಿನ ಸೀಟಿನಿಂದ, "ಮಮ್, ಯು ಡೋಂಟ್ ಡು ಹೈವೇಸ್" ಎಂದಳು. ಮಗುವಿಗೂ ನನ್ನ ಬಂಡವಾಳ ಗೊತ್ತಿತ್ತು.

ಬೇಗ ಮುಟ್ಟಬೇಕೆಂದರೆ ಹೆದ್ದಾರಿಯೇ ಗತಿ. ರೋ ಹೆದ್ದಾರಿಗೆ ಸೇರುವಾಗ ನನ್ನ ಕಾಲು ಹೊಲಿಗೆ ಮಿಷನ್ ತುಳಿದ ಹಾಗೆ ಕುಣಿಯುತ್ತಿತ್ತು. ಬಲಗಡೆ ಒಂದು ಲಾರಿ ಬಂತು. ಬಂತು, ಬಂತು, ಮುಗಿಯಲೇ ಇಲ್ಲ. ಅದರ ಗಾಳಿಗೆ ಕಾರು ಅಲುಗಿತು. 'ಭಯಪಡಬೇಡ' ಎಂದು ಕೂಗಿಕೊಂಡೆ. ಹೇಳಿ ಹೇಳಿ ಎಣಿಕೆ ತಪ್ಪಿತು. ಭಯ ಎಲ್ಲಿಗೂ ಓಡಲಿಲ್ಲ, ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತೇ ಇತ್ತು. ಜೋನಾ ಅಳಲು ಶುರುಮಾಡಿದ್ದಳು. ಇದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ, ಅವತ್ತು ನಾವಿಬ್ಬರೂ ಸಾಯುತ್ತೇವೆ ಎಂದೇ ನನಗೆ ಅನ್ನಿಸಿತ್ತು.

ಚೈತ್ರಾ ಬಸ್ ಸ್ಟಾಪಿನ ಕಂಬ ತಬ್ಬಿಕೊಂಡು ಕೂತಿದ್ದಳು. ನಾನು ಇಳಿದು ಅವಳ ಹತ್ತಿರ ಹೋಗಿ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಆಂಟಿ, ನಿಮಗೇನಾಯ್ತು?"

"ಭಯ ಕಣೇ. ನಂಗೂ ಹೋಗ್ಲಿಲ್ಲ."

"ಮತ್ತೆ ಹೇಗೆ ಬಂದ್ರಿ?"

"ನಡುಗ್ತಾ ಬಂದೆ. ನೀನು ಒಬ್ಳೇ ಕೂತಿದ್ಯಲ್ಲ."

ಅವಳು ಕಂಬ ಬಿಟ್ಟು ನನ್ನ ತೋಳು ಹಿಡಿದಳು. ಯಾರು ಯಾರನ್ನು ಎಬ್ಬಿಸಿದರೋ ತಿಳಿಯದು. ವಾಪಸ್ ಹೆದ್ದಾರಿ ಹಿಡಿಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಳರಸ್ತೆಗಳಲ್ಲಿ ಸುತ್ತಿ ಸುತ್ತಿ ಮನೆ ಸೇರಿ ಸಾರನ್ನ ಉಂಡೆವು.

ಮರುದಿನ, ಚೈತ್ರಾಳನ್ನು ಕೇಳಿ, ಅವಳ ಹೆಸರು ಹಾಕದೆ, ನಡೆದದ್ದನ್ನು ನಡೆದ ಹಾಗೆ ಬರೆದೆ. ಭಯ ಹೋಗಲಿಲ್ಲ, ಇವತ್ತೂ ಇದೆ ಎಂದು ಮುಗಿಸಿದೆ. ಆಮೆನ್‌ಗಳು ಬರಲಿಲ್ಲ. ಸುಗುಣ ಆಂಟಿಯ ಫೋನು ಬಂತು.

"ಏನಮ್ಮ ಇದು ಸುನಿತಾ, ಬೆಳಿಗ್ಗೆ ಎದ್ದು ಜನರ ಹೊಟ್ಟೇಲಿ ಭಯ ತುಂಬ್ತೀಯಲ್ಲ? ಆಸ್ಪತ್ರೇಲಿರೋರು ಓದ್ತಾರೆ, ಗಂಡನ್ನ ಕಳ್ಕೊಂಡೋರು ಓದ್ತಾರೆ."

"ನಿಜ ಅದೇ ಅಲ್ವಾ ಆಂಟಿ?"

"ಆ ನಿಜ ಇಟ್ಕೊಂಡು ಅವರೇನು ಮಾಡ್ಬೇಕು? ಸ್ವಲ್ಪ ದಿನ ಬೇರೆಯೋರು ಬರೀಲಿ. ನೀನು ರೆಸ್ಟ್ ತಗೋ."

ಆಂಟಿ ಹೇಳಿದ್ದರಲ್ಲಿ ತಪ್ಪಿದೆ ಎಂದು ನನಗೆ ಹೇಳಲಾಗಲಿಲ್ಲ. ಫೋನಿಟ್ಟು ಅತ್ತೆ. ಊರನ್ನು ಇನ್ನೊಮ್ಮೆ ಬಿಟ್ಟು ಬಂದ ಹಾಗಾಯಿತು.

ಗುಂಪಿನಲ್ಲಿ ಈಗ ಟೀಚರೊಬ್ಬರು ಬರೆಯುತ್ತಾರೆ, ಜಯದಲ್ಲೇ ಮುಗಿಸುತ್ತಾರೆ. ನಾನೂ ಮನಸಾರೆ ಆಮೆನ್ ಹಾಕುತ್ತೇನೆ, ಆ ಜಯ ನನಗೂ ಬೇಕು. ನನ್ನ ಬರಹ ಈಗ ಚೈತ್ರಾಳಿಗೆ, ಅವಳ ಗೆಳತಿಯರಿಗೆ. ಒಬ್ಬಳು ಬ್ರಿಸ್ಬೇನ್‌ನಲ್ಲಿದ್ದಾಳೆ, ಇನ್ನೊಬ್ಬಳು ಅಡಿಲೇಡಿನ ಕಿಲ್ಬರ್ನ್‌ನಲ್ಲಿ. ಅವರು ಆಮೆನ್ ಅನ್ನುವುದಿಲ್ಲ, "ನಂಗೂ ಆಂಟಿ" ಎಂದು ಬರೆಯುತ್ತಾರೆ.

ಮೊನ್ನೆ ಸುಗುಣ ಆಂಟಿಯ ಸಂದೇಶ ಬಂತು. "ನಾಳೆ ನಂಗೆ ಹಾರ್ಟ್ ಆಪರೇಷನ್. ಎಲ್ಲರಿಗೂ ಧೈರ್ಯವಾಗಿದೀನಿ ಅಂತ ಹೇಳಿದೀನಿ. ನೀನು ಅವತ್ತು ಬರ್ದಿದ್ಯಲ್ಲ, ಭಯ ಹೋಗ್ಲಿಲ್ಲ ಅಂತ, ಆ ಥರದ್ದು ಒಂದು ಕಳ್ಸು. ಗುಂಪಿಗೆ ಬೇಡ, ನನಗೊಬ್ಬಳಿಗೆ."

ವೆಲ್ಷ್‌ಪೂಲ್‌ಗಾದರೆ ನಡುಗುತ್ತಲಾದರೂ ಕಾರು ಓಡಿಸಿಕೊಂಡು ಹೋದೆ, ಪಕ್ಕದಲ್ಲಿ ಕೂತೆ. ಆಂಟಿಯ ಹಾಸಿಗೆಯ ಪಕ್ಕಕ್ಕೆ ಇಲ್ಲಿಂದ ಯಾವ ರಸ್ತೆಯೂ ಹೋಗುವುದಿಲ್ಲ. ಇರುವುದು ಬರಹ ಒಂದೇ. ಅದು ಅಲ್ಲಿಯವರೆಗೆ ಮುಟ್ಟದೇ ಹೋದರೆ ಎಂದು ಹೆದರುತ್ತಲೇ ಬರೆಯಲು ಕೂತೆ.