ಡೊಂಬಿವಲಿಯಲ್ಲಿ ಮಹಾಕೂಟ ದರ್ಶನ

1995ರ ಜನವರಿ 22, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಡೊಂಬಿವಲಿ ಪೂರ್ವದ ಶಾಲೆಯೊಂದರ ಸಭಾಗೃಹ. ಹಾಜರಿದ್ದವರು: ಭಾಷಣ ಮಾಡಬೇಕಾಗಿದ್ದ ನನ್ನ ಯಜಮಾನರು, ಕನ್ನಡ ಸಂಘದ ಕಾರ್ಯದರ್ಶಿ, ಮುಂದಿನ ಸಾಲಿನಲ್ಲಿ ನಾನು, ಮತ್ತು ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಜನ.

ನಾನು ಥಾಣೆಯ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಏನು ಬರೆದರೂ ಮೊದಲು ದಿನ, ಹೊತ್ತು, ಹಾಜರಿ ಬರೆಯುವುದು ಅಲ್ಲಿಂದ ಬಂದ ಅಭ್ಯಾಸ.

ಮರುದಿನ ಬೆಳಿಗ್ಗೆ ಯಜಮಾನರು ಮುಂಬೈಯ ಆಸ್ಪತ್ರೆಗೆ ದಾಖಲಾಗಬೇಕಿತ್ತು. ಅವರ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿತ್ತು. ಪೆಟ್ಟಿಗೆಯನ್ನೇ ಪೂರ್ತಿ ತೆಗೆಯದೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇದನ್ನು ಕೇಳಿ ಹೊರಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ: "ಹಾಗಾದರೆ ಆ ಭಾಷಣ ಮುಗಿಸಿಬಿಡುವ."

ಆ ಭಾಷಣದ ಆಸೆ ಹಳೆಯದು. ಅವರು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಜೀವಮಾನವಿಡೀ ಕೊಳವೆಗಳ ನಕ್ಷೆ ಬರೆದರು. ಮನೆಗೆ ಬಂದರೆ ರದ್ದಿ ಅಂಗಡಿಯಿಂದ ತಂದ ವಿಜ್ಞಾನದ ಪತ್ರಿಕೆಗಳು. ಅವುಗಳಲ್ಲಿ ಒಮ್ಮೆ ಗ್ಯಾಲಕ್ಸಿಗಳ ನಕ್ಷೆಯೊಂದನ್ನು ಕಂಡರು. ಆಕಾಶದ ಒಂದು ಸೀಳು, ಬೀಸಣಿಗೆಯ ಆಕಾರ, ಒಂದೊಂದು ಚುಕ್ಕೆಯೂ ಒಂದೊಂದು ಗ್ಯಾಲಕ್ಸಿ. ಅದನ್ನು ದೊಡ್ಡ ಹಾಳೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಮತ್ತೆ ಬರೆದರು. ಚುಕ್ಕೆಗಳು ಎಲ್ಲ ಕಡೆ ಸಮನಾಗಿರಲಿಲ್ಲ. ಎಳೆ ಎಳೆಯಾಗಿ, ಗೋಡೆಯ ಹಾಗೆ ಸಾಲುಗಟ್ಟಿದ್ದವು. ನಡುವೆ ದೊಡ್ಡ ದೊಡ್ಡ ಖಾಲಿ ಜಾಗ.

ಇದನ್ನು ಕನ್ನಡದಲ್ಲೇ, ಎದುರಿಗೆ ಕೂತವರಿಗೆ ಬಾಯಿಬಿಟ್ಟು ಹೇಳಬೇಕೆಂಬುದು ಅವರ ಹಟ. ಅದಕ್ಕೆ ಪದ ಬೇಕು. ಗ್ಯಾಲಕ್ಸಿಗಳ ಗುಂಪಿಗೆ 'ಗುಚ್ಛ' ಎಂಬ ಪದವಿದೆ. ಅದು ಸನ್ಮಾನದ ಹೂವಿನ ಹಾಗಿದೆ ಎಂದು ಬಿಟ್ಟರು. 'ಗೊಂಚಲು' ಎಂದು ನಾನು ಹೇಳಿದೆ. "ಎಂತ ದ್ರಾಕ್ಷಿ ಮಾರುದಾ ಮಾರಾಯ್ತಿ?" ಎಂದು ನಕ್ಕರು. ಕೊನೆಗೆ 'ಕೂಟ' ಎಂದು ನಿಶ್ಚಯಿಸಿದರು. ಜನ ಸೇರುವುದಕ್ಕೂ ಅದೇ ಮಾತು, ಅದರಲ್ಲಿ ಬಿಸಿ ಉಂಟು ಎಂದರು. ಕೂಟಗಳೇ ಸೇರಿ ಆದದ್ದು ಮಹಾಕೂಟ.

ಆ ಬೆಳಿಗ್ಗೆ ಕಷಾಯ ಕುಡಿಯುತ್ತಾ ಹೇಳಿದರು: "ಮೊದಲಿನದ್ದೆಲ್ಲ ಓದಿ ತಿಳಿದದ್ದು. ಕೊನೆಗೆ ಖಾಲಿ ಜಾಗದ ವಿಷಯ ಹೇಳ್ತೇನಲ್ಲ, ಅದು ಮಾತ್ರ ನನ್ನದು."

"ಏನು ಅದು?" ಎಂದೆ.

"ಅಲ್ಲೇ ಕೇಳು. ಎರಡು ಸಲ ಹೇಳುವಷ್ಟು ಗಂಟಲು ಇಲ್ಲ."

ಅದು ನಿಜವೇ ಆಗಿತ್ತು. ಆಗಲೇ ಅವರ ದನಿ ಗರಗಸದ ಹಾಗಿತ್ತು. ಬೆಳಗಿನಿಂದ ನಾನೇ ಅವರನ್ನು ಮಾತಾಡಲು ಬಿಟ್ಟಿರಲಿಲ್ಲ.

ಸಭಾಗೃಹ ತುಂಬಿದ್ದನ್ನು ಕಂಡು ಕಾರ್ಯದರ್ಶಿ ಬೀಗಿದರು. "ನೋಡಿ ಸರ್, ವಿಜ್ಞಾನಕ್ಕೆ ಇಷ್ಟು ಜನ! ಯಕ್ಷಗಾನಕ್ಕೂ ಇಷ್ಟು ಬರುದಿಲ್ಲ."

"ಎಂತದೋ ಎಡವಟ್ಟಾಗಿದೆ ಮಾರಾಯ್ರೆ," ಎಂದರು ಯಜಮಾನರು.

ಎಡವಟ್ಟು ಏನೆಂದು ಕೂಡಲೇ ತಿಳಿಯಿತು. ಮೂರನೆಯ ಸಾಲಿನಿಂದ ಒಬ್ಬರು ಎದ್ದು ನಿಂತರು. ವಾಶಿಯ ಮಾರುಕಟ್ಟೆಯಲ್ಲಿ ಹಮಾಲಿ, ಕೋಪರಖೈರಣೆಯಲ್ಲಿ ಮನೆ, ಊರು ಬಿಜಾಪುರದ ಕಡೆ ಎಂದು ತಾವೇ ಹೇಳಿಕೊಂಡರು. ಪಕ್ಕದಲ್ಲಿ ಹೆಂಡತಿ, ತಾಯಿ.

"ಸರ, ಬಸ್ ಯಾವತ್ತ ಬಿಡ್ತೈತ್ರಿ?"

"ಯಾವ ಬಸ್ಸು?"

"ಮಹಾಕೂಟಕ್ರಿ! ನಮ್ಮವ್ವ ಹೊಂಡದಾಗ ಮುಳುಗಿ ಬರ್ತೀನಂತ ಕುಂತಾಳ."

ಬಾದಾಮಿಯ ಬಳಿ ಮಹಾಕೂಟ ಎಂಬ ಶಿವನ ಕ್ಷೇತ್ರವಿದೆ, ಅಲ್ಲಿ ಹೊಂಡದಲ್ಲಿ ಮಿಂದು ದೇವರನ್ನು ನೋಡುತ್ತಾರೆ. ಕರಾವಳಿಯವರಾದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಕಾರ್ಯದರ್ಶಿಯವರು ಬೋರ್ಡಿನಲ್ಲಿ ಚಂದಕ್ಕೆಂದು 'ಮಹಾಕೂಟ ದರ್ಶನ, ಎಲ್ಲರೂ ಬನ್ನಿ' ಎಂದು ಬರೆಸಿದ್ದರು. ಅರ್ಧ ಸಭೆ ಯಾತ್ರೆಗೆ ಹೆಸರು ಕೊಡಲು ಬಂದಿತ್ತು.

ಹಿಂದಿನಿಂದ ಉಡುಪಿ ಕಡೆಯ ಹೆಂಗಸೊಬ್ಬರು ಕೇಳಿದರು: "ಹಾಗಾದ್ರೆ ಜಾತಕದ ಕೂಟ ನೋಡುದೂ ಅಲ್ವಾ? ನಕ್ಷತ್ರ ಅಂತ ಕೆಳಗೆ ಬರೆದಿತ್ತಲ್ಲ. ನಾನು ಮಗಳ ಜಾತಕ ತಂದಿದ್ದೇನೆ."

ಸಭೆಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ನಾನು ನಗಲಿಲ್ಲ. ಪ್ರತಿಯೊಬ್ಬರಿಗೂ ಉತ್ತರ ಕೊಡಲು ಹೊರಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕಾರ್ಯದರ್ಶಿಗೆ ಕಣ್ಣಿನಲ್ಲೇ ಸೂಚಿಸಿದೆ. ಅವರು ಮೈಕ್ ಹಿಡಿದು ಕ್ಷಮೆ ಕೇಳತೊಡಗಿದರು. ಯಜಮಾನರು ಮೈಕನ್ನು ಅವರ ಕೈಯಿಂದ ತೆಗೆದುಕೊಂಡರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರ ಸ್ವಭಾವವಲ್ಲ.

"ಅಮ್ಮಾ, ಬಸ್ಸಿಲ್ಲ," ಎಂದರು ಆ ಮುದುಕಿಗೆ. "ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ಒಂದು ಊರು ಅಂತ ತಿಳೀರಿ. ಊರು ಊರು ಸೇರಿದರೆ ಕೂಟ, ಕೂಟ ಕೂಟ ಸೇರಿದರೆ ಮಹಾಕೂಟ. ನಾವು ಅಂಥ ಒಂದು ಮಹಾಕೂಟದ ಒಳಗೇ ಇದ್ದೇವೆ. ಹೋಗಲಿಕ್ಕೆ ಬಸ್ ಬೇಡ."

"ಅಷ್ಟ್ ದೂರದಿಂದ ಗಾಡಿ ಬದ್ಲಿ ಮಾಡಿ ಬಂದೀವಿ," ಎಂದಳು ಮುದುಕಿ. "ಏನ್ ಹೇಳಾಂವದಿ, ಹೇಳಪ್ಪ. ಕೇಳಿಕೊಂಡ ಹೋಗ್ತೀವಿ."

ಯಾರೂ ಎದ್ದು ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಜಾತಕದ ನಕ್ಷತ್ರಕ್ಕೂ ಇದಕ್ಕೂ ಏನು ಸಂಬಂಧ, ಮಹಾಕೂಟಕ್ಕೆ ದೇವರು ಯಾರು, ನಮ್ಮ ಮಹಾಕೂಟದ ನಡುವೆ ಏನಿದೆ, ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಬಂದವು. ಅವರು ಒಂದನ್ನೂ ಬಿಡಲಿಲ್ಲ. ನಕ್ಷೆಯನ್ನು ಎತ್ತಿ ಹಿಡಿದು ನಮ್ಮ ರೈಲನ್ನೇ ಉದಾಹರಣೆ ಕೊಟ್ಟರು. ಊರುಗಳು ಹೇಗೆ ಹಳಿಯ ಉದ್ದಕ್ಕೆ ಪೋಣಿಸಿಕೊಂಡಿವೆ, ಎರಡು ಲೈನ್ ಸೇರುವ ಕಲ್ಯಾಣದಲ್ಲಿ ಹೇಗೆ ಜನ ದಟ್ಟೈಸಿದ್ದಾರೆ, ಹಳಿಯಿಂದ ದೂರದಲ್ಲಿ ಗುಡ್ಡ ಮತ್ತು ಸಮುದ್ರದ ನೀರು ಒಳನುಗ್ಗಿದ ಖಾಡಿ ಹೇಗೆ ಕತ್ತಲಾಗಿವೆ. "ಆಕಾಶದಲ್ಲೂ ಹೀಗೇ. ಎಳೆಗಳು ಸೇರುವಲ್ಲಿ ಮಹಾಕೂಟ. ಎಳೆಗಳ ನಡುವೆ ಬೆಳಕು ದಾಟಲಿಕ್ಕೂ ಕೋಟಿಗಟ್ಟಲೆ ವರ್ಷ ಬೇಕಾಗುವ ಖಾಲಿ."

"ಅಷ್ಟ್ ಜಾಗಾ ಖಾಲಿ ಐತಂದ್ರ," ಎಂದರು ಹಮಾಲಿ, "ಬಿಲ್ಡರ್ ಇನ್ನೂ ಯಾಕ ಬಂದಿಲ್ರಿ ಸರ?"

ಆ ನಗು ನಿಲ್ಲಲು ಹೊತ್ತು ಹಿಡಿಯಿತು. ಯಜಮಾನರು ನೀರು ಕುಡಿದರು. ಮುಖ ಕೆಂಪಾಗಿತ್ತು, ಸಂತೋಷವಾಗಿದ್ದರು. "ಇವರು ಕೇಳಿದ್ದು ಸರಿಯಾಗಿಯೇ ಉಂಟು," ಎಂದರು. "ಈಗ ಆ ಖಾಲಿ ಜಾಗದ ಬಗ್ಗೆ ನನಗೆ ಅನ್ನಿಸಿದ್ದು…"

ಅಲ್ಲಿಗೆ ದನಿ ನಿಂತಿತು. ಮೈಕಿನಲ್ಲಿ ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದರು, ಮತ್ತೆ ಗಾಳಿ. ನಕ್ಷೆಯ ಬಿಳಿಯ ಭಾಗಗಳನ್ನು ಬೆರಳಿನಿಂದ ಸುತ್ತು ಹಾಕಿ ತೋರಿಸಿದರು. ಸಭೆ ಕಾದಿತು. ಎದ್ದು ಹೇಳೋಣವೆಂದರೆ ನನಗೂ ಅದು ಗೊತ್ತಿರಲಿಲ್ಲ. ಕಾರ್ಯದರ್ಶಿ ಬಂದು ವಂದನಾರ್ಪಣೆ ಮಾಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಮುದುಕಿ ವೇದಿಕೆಯ ಬಳಿ ಬಂದು ಅವರ ಕೈ ಹಿಡಿದು, "ಛಲೋ ಹೇಳಿದಿ ಮಗನ," ಎಂದಳು. ಅವರು ಕೈಮುಗಿದರು.

ನಮ್ಮ ಮನೆ ಪಶ್ಚಿಮದಲ್ಲಿ. ಸ್ಟೇಷನ್ನಿನ ಸೇತುವೆ ಹತ್ತಿ ದಾಟಬೇಕು. ಮೇಲೆ ಹೋಗುವಷ್ಟರಲ್ಲಿ ಗಂಟಲು ಸ್ವಲ್ಪ ಸುಧಾರಿಸಿತ್ತೇನೋ. ಅವರು ಕಂಬಿಯ ಬಳಿ ನಿಂತು ನನ್ನ ತೋಳು ಹಿಡಿದರು.

"ಕೊನೆಯದ್ದು ನಿನಗಾದರೂ ಹೇಳ್ತೇನೆ."

"ಗಂಟಲು…"

"ನಾಳೆಯಿಂದ ಅದಕ್ಕೆ ವಿಶ್ರಾಂತಿಯೇ ಅಲ್ವಾ?"

ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ. ಪಿಸುಮಾತಿಗಿಂತ ಸಣ್ಣ ದನಿ. "ಖಾಲಿ ಅಂತ ನಾವು ಹೇಳುದು…" ಎಂದರು. ಅಷ್ಟರಲ್ಲಿ ಕಲ್ಯಾಣದ ಕಡೆಯ ಫಾಸ್ಟ್ ಲೋಕಲ್ ನಮ್ಮ ಕೆಳಗೆ ಬಂತು. ಸೇತುವೆಯೇ ನಡುಗಿತು. ಅವರು ನಿಲ್ಲಿಸಲಿಲ್ಲ. ಕಣ್ಣು ದೂರದಲ್ಲೆಲ್ಲೋ ಇತ್ತು. ತುಟಿ ಆಡುತ್ತಿತ್ತು, ಒಂದು ಕೈ ಗಾಳಿಯಲ್ಲಿ ಏನನ್ನೋ ಬಿಡಿಸುತ್ತಿತ್ತು. ಗಾಡಿ ನಿಂತಿತು, ಇಳಿದ ಜನ ಮೆಟ್ಟಿಲು ಹತ್ತಿ ನಮ್ಮನ್ನು ತಳ್ಳಿಕೊಂಡು ಹೋದರು, ಧ್ವನಿವರ್ಧಕ ಮರಾಠಿಯಲ್ಲಿ ಮುಂದಿನ ಗಾಡಿಯನ್ನು ಕೂಗಿತು. ನಡುವೆ "ಅದು ಇಲ್ಲದಿದ್ದರೆ" ಎಂಬಷ್ಟು ಕೇಳಿತು. ಮತ್ತೆ "ನಮ್ಮಿಬ್ಬರ ಹಾಗೆ" ಎಂದ ಹಾಗಾಯಿತು. ಅದೂ ಖಚಿತವಿಲ್ಲ.

ಸದ್ದು ಇಳಿದಾಗ ಅವರು ಮುಗಿಸಿದ್ದರು. ಬೆವರು ಒರೆಸಿಕೊಂಡು ನನ್ನನ್ನು ನೋಡಿದರು.

"ತಿಳೀತಾ?"

ಇನ್ನೊಮ್ಮೆ ಹೇಳಿ ಎಂದರೆ ಹೇಳುತ್ತಿದ್ದರು. ಆ ಗಂಟಲಿನಿಂದ ಇನ್ನೊಮ್ಮೆ ಹೇಳಿಸಲು ನನಗೆ ಮನಸ್ಸು ಬರಲಿಲ್ಲ.

"ತಿಳೀತು," ಎಂದೆ.

ಅವರ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ, ಮುಂದೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲೇ ಇಲ್ಲ. ಶಸ್ತ್ರಚಿಕಿತ್ಸೆಯ ನಂತರ ಅವರು ಕೆಲವು ವರ್ಷ ಬದುಕಿದರು. ಸ್ಲೇಟಿನ ಮೇಲೆ ನೀರು, ಫ್ಯಾನು, ಪೇಪರು ಎಂದು ಬರೆಯುತ್ತಿದ್ದರು. ಬರೆದು ಹೇಳಿ ಎಂದು ಕೇಳಬಹುದಿತ್ತು. ಕೇಳಿದರೆ ಸೇತುವೆಯ ಮೇಲೆ ಹೇಳಿದ್ದು ಯಾರಿಗೂ ತಲುಪಿಲ್ಲವೆಂದು ಅವರಿಗೆ ಗೊತ್ತಾಗುತ್ತಿತ್ತು. ಅವರು ಹೋದ ಮೇಲೆ ಆ ಪತ್ರಿಕೆಗಳನ್ನು ನಾನೇ ಓದಿದೆ. ವಿಶ್ವ ಹುಟ್ಟಿದ ಮೊದಲಲ್ಲಿ ಇದ್ದ ಸಣ್ಣ ಏರುಪೇರು, ದಟ್ಟವಾದ ಕಡೆಗೆ ಎಲ್ಲವೂ ಸೆಳೆದುಕೊಂಡು ಹೋದದ್ದು, ಉಳಿದ ಕಡೆ ಬರಿದಾಗುತ್ತಾ ಹೋದದ್ದು, ಇಷ್ಟು ಅಲ್ಲಿದೆ. ಅವರಿಗೆ ಅನ್ನಿಸಿದ್ದು ಅಲ್ಲಿಲ್ಲ.

ಆ ಸಂಜೆ ಮನೆಗೆ ಬಂದು ಆಸ್ಪತ್ರೆಯ ಚೀಲ ತುಂಬಿದೆ: ಎರಡು ಪಂಚೆ, ಟವೆಲು, ಲೋಟ, ಎಕ್ಸ್‌ರೇ. ಗಂಜಿ ಕೊಟ್ಟೆ. ಶಸ್ತ್ರಚಿಕಿತ್ಸೆಗೆ ಹೋಗುವವರ ಉಗುರು ಕತ್ತರಿಸಿರಬೇಕು, ಅದು ವಾರ್ಡಿನ ನಿಯಮ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂದು ಅವರ ತಾಯಿ ಹೇಳುತ್ತಿದ್ದರು. ಅವರು ದೀಪದ ಕಡೆ ನೋಡಿ, ನನ್ನ ಕಡೆ ನೋಡಿ, ಕೈ ಚಾಚಿದರು. ಕಾಗದ ಹಾಸಿ ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಕಾಲು. ಕಿರುಬೆರಳಿನ ಉಗುರು ಕತ್ತರಿಸಿ, ಕಾಗದ ಮಡಚಿ, ಕಸದ ಡಬ್ಬಿಗೆ ಹಾಕಿದೆ.